ಮಣ್ಣಿಗೊಂದು ಅರ್ಜಿ

ಡೊಂಬಿವಲಿ
20 ಆಗಸ್ಟ್ 1978

ಮಾನಮ್ಮಕ್ಕನಿಗೆ ತಮ್ಮ ಅಂಬಾರಾಯನ ಶರಣು.

ಕಡೆಗೂ ಅರ್ಜಿ ಕೊಟ್ಟೆವು ಅಕ್ಕ. ನಿನ್ನೆ ಮುನ್ಸಿಪಾಲಿಟಿ ಕಚೇರಿಯಲ್ಲಿ ಅದರ ಮೇಲೆ ಠಪ್ಪನೆ ಶಿಕ್ಕಾ ಬಿತ್ತು. ನಮ್ಮ ವಸ್ತಿಯ ಹಿರಿಯ ಸೈದಪ್ಪ ಕಾಕಾ ಆ ಸಪ್ಪಳ ಕೇಳಿ ಮಗುವಿನ ಹಾಗೆ ನಕ್ಕ. ನಾನು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿದ್ದೆ.

ಯಂಕಣ್ಣನ ಸಂಗತಿ ನಿನಗೆ ಗೊತ್ತೇ ಇದೆ. ಹೋದ ವರ್ಷ ಕಟ್ಟಡದ ಮೇಲಿಂದ ಬಿದ್ದು ಸತ್ತಾಗ ಊರಿಗೆ ಒಯ್ಯಲು ಆಗಲಿಲ್ಲ. ನಾವು ಮಣ್ಣು ಮಾಡುವ ಮಂದಿ. ಇಲ್ಲಿ ನಮಗೆ ಇರುವುದು ಹೆಣ ಸುಡುವ ಘಾಟು ಮಾತ್ರ. ಸುಟ್ಟೆವು. ಮೂರನೆಯ ದಿನ ಅವನ ಹೆಂಡತಿ ಮರಗಮ್ಮ ಗುಡ್ಡೆಯ ಮೇಲೆ ಇಡುವ ಎಡೆ ಮಾಡಿ, ಬುಟ್ಟಿ ಹೊತ್ತು ಹೊರಗೆ ಬಂದು, "ಇದನ್ನ ಎಲ್ಲಿ ಇಡ್ಲೋ ಅಂಬಾರಾಯ?" ಅಂದಳು. ಆವತ್ತೇ ನಾವು ಒಂದು ತುಂಡು ನೆಲ ಬೇಡುವುದೆಂದು ಠರಾಯಿಸಿದ್ದು.

ಇಲ್ಲಿ ಸಮುದ್ರದ ನೀರು ಒಳಗೆ ನುಗ್ಗುವ ದೊಡ್ಡ ಹಳ್ಳಕ್ಕೆ ಖಾಡಿ ಅನ್ನುತ್ತಾರೆ. ಅದರ ದಂಡೆಗೆ, ನಮ್ಮ ವಸ್ತಿಯ ಹಿಂದೆ, ಬರೀ ಹುಲ್ಲು ಬೆಳೆದ ಸರಕಾರಿ ಜಾಗ ಇದೆ. ಅದನ್ನೇ ಕೇಳಿದ್ದೇವೆ. ಮೊದಲು ನೋಟೀಸು ಹಚ್ಚುತ್ತಾರಂತೆ. ಯಾರದಾದರೂ ತಕರಾರು ಇದ್ದರೆ ಕರೆದು ಕೇಳುತ್ತಾರೆ. ಆಮೇಲೆ ಜಾಗ ನೋಡಲು ಬರುತ್ತಾರೆ. ಕಡೆಗೆ ಸಭೆಯಲ್ಲಿ ಮೆಂಬರುಗಳು ಕೈ ಎತ್ತಬೇಕು. ಅಷ್ಟಾದರೆ ನೆಲ ನಮ್ಮದು.

ಅವ್ವ ಅರಾಮ ಇದ್ದಾಳೆ. ಮಳೆಗಾಲದ ಕೆಮ್ಮು ಅಷ್ಟೇ, ಹೋಗುತ್ತದೆ.

ನಿನ್ನ ತಮ್ಮ
ಅಂಬಾರಾಯ


ಸುರಪುರ
3 ಸೆಪ್ಟೆಂಬರ್ 1978

ತಮ್ಮ ಅಂಬುಗೆ ಅಕ್ಕನ ಆಶೀರ್ವಾದ.

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ತಿಪ್ಪೆಯ ಹಾಗೇ ಇದೆ. ನನ್ನ ಮೂರನೇ ಇಯತ್ತೆಯ ಹುಡುಗರು ನಿನಗಿಂತ ಚೆಂದ ಬರೆಯುತ್ತಾರೆ. ಮುನ್ಸಿಪಾಲಿಟಿಯವರಿಗೆ ಅರ್ಜಿ ನೀನೇ ಬರೆದಿದ್ದರೆ ಅವರ ಗತಿ ಏನಪ್ಪಾ!

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀ. ಮರಗಮ್ಮನ ಮಾತನ್ನು ಎರಡು ಸಲ ಓದಿದೆ. ಆದರೆ ಒಂದು ಮಾತು. ಪ್ರತಿ ಕಾಗದದ ಕೊನೆಗೆ ಅವ್ವ ನಿನ್ನ ಕೈಲಿ ಏನಾದರೂ ಬರೆಸುತ್ತಿದ್ದಳು. "ಮಾನಿಗೆ ಹೇಳು, ಹಿತ್ತಲದಾಗ ಮೆಣಸಿನ ಗಿಡ ಹಚ್ಚಲಿ," "ಅಳಿಯಗ ಹೇಳು, ಬೀಡಿ ಬಿಡಲಿ." ಈ ಸಲ ಒಂದೂ ಬೈಗುಳ ಇಲ್ಲ. ಅವ್ವ ಬೈಯದೆ ಸುಮ್ಮನಿದ್ದಾಳೆ ಅಂದರೆ ನಾ ನಂಬುವುದಿಲ್ಲ.

ದಸರೆಗೆ, ಮಾನಾಮಿ ಹಬ್ಬಕ್ಕೆ ಅವ್ವನನ್ನು ಕಳಿಸು. ಯಾದಗಿರಿ ಸ್ಟೇಷನ್ನಿಗೆ ನಾವೇ ಬರುತ್ತೇವೆ. ಎರಡು ತಿಂಗಳು ಇದ್ದು ಹೋಗಲಿ. ಒಬ್ಬಂಟಿ ಗಂಡಸು ನೀನು, ದಿನಪಾಳಿ ರಾತ್ರಿಪಾಳಿ ಅಂತ ಓಡಾಡುತ್ತೀ. ಮರಗಮ್ಮ ಎಷ್ಟಂತ ಅವ್ವನನ್ನು ನೋಡಿಕೊಂಡಾಳು? ಮದುವೆ ಆಗೋ ಅಂದರೆ ಕಿವಿ ಇಲ್ಲ ನಿನಗೆ.

ಮಾನಮ್ಮ


ಡೊಂಬಿವಲಿ
18 ಸೆಪ್ಟೆಂಬರ್ 1978

ಅಕ್ಕ,

ತಕರಾರು ಬಂತು. ಅದೂ ಯಾರಿಂದ? ಕನ್ನಡದವರಿಂದಲೇ!

ಆ ಜಾಗದ ಆಚೆ ಮಗ್ಗುಲಿಗೆ ಒಂದು ಹೊಸ ಮನೆಗಳ ಸೊಸೈಟಿ ಎದ್ದಿದೆ. ಅದರ ಚೇರ್ಮನ್ ವಸಂತಕುಮಾರ ಅಂತ, ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು ಇದೆ. ನಮ್ಮ ಮಾತು ಆಡುವವರು, ನಮ್ಮ ಅರ್ಜಿಗೆ ಒಂದು ಸಹಿ ಹಾಕಿಯಾರೆಂದು ಹೋದೆ. ಕಾಫಿ ಕೊಟ್ಟರು, ಸಹಿ ಕೊಡಲಿಲ್ಲ. "ನಿಮ್ಮ ಕಷ್ಟ ನಮಗೆ ಗೊತ್ತಾಗುದಿಲ್ಲ ಅಂತಲ್ಲ ಮಾರಾಯ್ರೆ. ನಮಗೆ ನಲ್ಲಿ ಇನ್ನೂ ಬರ್ಲಿಲ್ಲ, ಬಾವಿ ನೀರೇ ಕುಡಿಯುದು. ಆ ಜಾಗದ ನೀರು ಬಾವಿಗೆ ಇಳಿದ್ರೆ ನಾವು ಮಕ್ಕಳಿಗೆ ಎಂತ ಕೊಡುದು?" ಅಂದರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮೊನ್ನೆ ಇಬ್ಬರನ್ನೂ ಕರೆಸಿ ಕೇಳಿದರು. ಉದ್ದನೆಯ ಮೇಜು, ಸುತ್ತ ಮೆಂಬರುಗಳು, ಗೋಡೆಗೆ ಊರಿನ ನಕ್ಷೆ. ವಸಂತಕುಮಾರರು ಮರಾಠಿಯಲ್ಲಿ ನೀಟಾಗಿ ಹೇಳಿ ಕುಳಿತರು. ನನ್ನ ಸರದಿ ಬಂತು. ಆಗ ಒಬ್ಬ ಮೆಂಬರು, "ಅರೆ ಭಾಯಿ, ತುಮ್ ಲೋಗ್ ತೋ ಗಾಂವ್ ವಾಪಸ್ ಜಾತೇ ಹೋ" ಅಂದ. ದುಡಿದು ಊರಿಗೆ ವಾಪಸು ಹೋಗುವ ಮಂದಿಗೆ ಇಲ್ಲಿ ಮಣ್ಣು ಯಾತಕ್ಕೆ ಅಂತ ಅವನ ಮಾತು. ಮೈಯೆಲ್ಲ ಉರಿದು ಹೋಯಿತು ಅಕ್ಕ. ಬಾಯಿಗೆ ಬಂದ ಹಿಂದಿಯಲ್ಲಿ ಹೇಳಿಬಿಟ್ಟೆ: "ನನ್ನ ತಾಯಿ ಇಲ್ಲೇ ಇದ್ದಾಳೆ. ಅವಳು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಸಾಯುತ್ತಾಳೆ, ಇಲ್ಲೇ ಮಣ್ಣಾಗುತ್ತಾಳೆ. ಅವಳಿಗೆ ಜಾಗ ಎಲ್ಲಿ, ನೀವೇ ಹೇಳಿ." ಆ ಮೆಂಬರು ತಲೆ ತಗ್ಗಿಸಿದ. ನಾನೇ ಅಂದೆನಾ ಈ ಮಾತು ಅಂತ ನನಗೇ ಬೆರಗು.

ಅಕ್ಟೋಬರ್ ಮೂರಕ್ಕೆ ಜಾಗ ನೋಡಲು ಬರುತ್ತಾರೆ. ಹೀಗಿರುವಾಗ ಅವ್ವನನ್ನು ಮಾನಾಮಿಗೆ ಹೇಗೆ ಕಳಿಸಲಿ? ನೋಡಿದಿರಾ, ಊರಿಗೇ ಹೋದಳು ಅಂತಾರೆ ಆ ಮೆಂಬರುಗಳು. ಅವ್ವನಿಗೂ ರೈಲು ಬೇಡವಂತೆ.

ಅಂಬಾರಾಯ


ಸುರಪುರ
25 ಸೆಪ್ಟೆಂಬರ್ 1978

ಅಂಬು,

ನಿನ್ನ ಕಾಗದವನ್ನು ನಾನು ಮನೆಯವರಿಗೆ ತೋರಿಸಲಿಲ್ಲ. ನಾಚಿಕೆಯಾಯಿತು. ಕುಂತು ಉಣ್ಣುವ ತಾಯಿಯನ್ನು ನಾಲ್ಕು ಜನರ ಸಭೆಯಲ್ಲಿ ಸಾಯಿಸಿ ಬಂದಿದ್ದೀಯಲ್ಲೋ, ಅದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀ!

ಅವ್ವ ಹೇಗಿದ್ದಾಳೆ ಅಂತ ಕೇಳಿದೆ. ರೈಲು ಬೇಡ ಅಂದಳು ಅಂತ ಬರೆದಿದ್ದೀ. ಕೇಳಿದ್ದೊಂದು, ಹೇಳಿದ್ದೊಂದು. ಕೆಮ್ಮು ಹೋಯಿತೋ ಇಲ್ಲವೋ? ರೊಟ್ಟಿ ತಿನ್ನುತ್ತಾಳೋ ಇಲ್ಲವೋ? ಇಷ್ಟಕ್ಕೆ ಉತ್ತರ ಬರೆ.

ಮಾನಮ್ಮ


ಡೊಂಬಿವಲಿ
5 ಅಕ್ಟೋಬರ್ 1978

ಅಕ್ಕ,

ಎಲ್ಲಾ ಹಾಳಾಯಿತು. ನಮ್ಮ ಕೈಯಾರೆ ಹಾಳು ಮಾಡಿಕೊಂಡೆವು.

ಹೊಸ ನೆಲದಲ್ಲಿ ಮೊದಲ ಸಲ ಮಣ್ಣು ಮಾಡುವ ಮುಂಚೆ ನಮ್ಮೂರಲ್ಲಿ ನೆಲ ಕೇಳುತ್ತಾರಲ್ಲ, ನಿನಗೂ ನೆನಪಿರಬೇಕು. ಅಮಾವಾಸ್ಯೆಯ ದಿನ ಕುಣಿ ತೋಡಿ, ಒಳಗೆ ಒಂದು ಬೊಗಸೆ ಜೋಳ ಇಟ್ಟು, ಬುಟ್ಟಿ ಕವುಚಿ ಬರಬೇಕು. ಮರುದಿನ ಜೋಳ ಒಣಗಿದ್ದರೆ ನೆಲ ಒಪ್ಪಿತು ಅಂತ. ಈ ಸಲ ಮಾನಾಮಿ ಅಮಾವಾಸ್ಯೆ, ಹಿರಿಯರ ದಿನ, ಗಾಂಧಿ ಜಯಂತಿಗೇ ಬಂತು. ಎಲ್ಲರಿಗೂ ರಜೆ. "ಮಂದಿ ಒಪ್ಪೂದು ಹಿಂದಿಂದ, ಮೊದಲ ನೆಲಾ ಒಪ್ಪಬೇಕಲ್ಲ," ಅಂದ ಸೈದಪ್ಪ ಕಾಕಾ. ನನಗೂ ಸರಿ ಅನಿಸಿತು. ನಾನೇ ಸಲಿಕೆ ಹಿಡಿದೆ. ಎದೆಮಟ ತೋಡಿದೆವು. ತಳ ತುಸು ಹಸಿ ಇತ್ತು, ಆದರೆ ನೀರಿರಲಿಲ್ಲ, ನನ್ನಾಣೆ ಅಕ್ಕ. ಹೆಂಗಸರು ಹಾಡಿದರು. ಅಷ್ಟು ಸಂತೋಷ ನಮ್ಮ ವಸ್ತಿಯಲ್ಲಿ ನಾನು ನೋಡೇ ಇರಲಿಲ್ಲ.

ಮರುದಿನ ಓವರ್‌ಸಿಯರ್ ಹೃಷೀಕೇಶ ಸಾಹೇಬರು, ಇಬ್ಬರು ಮೆಂಬರುಗಳು ಬಂದರು. ವಸಂತಕುಮಾರರೂ ಬಂದರು. ನೋಡುತ್ತೇವೆ, ಕುಣಿ ತುಂಬ ನೀರು! ಬುಟ್ಟಿ ತೇಲುತ್ತಿತ್ತು. ಸಾಹೇಬರು ಬೂಟಿನ ತುದಿಯಿಂದ ಅಂಚಿನ ಮಣ್ಣು ಒತ್ತಿ ನೋಡಿ, "ಇಥೇ ಪಾಣೀ ಆಹೇ," ಇಲ್ಲಿ ನೀರಿದೆ ಅಂತ ಬರೆದುಕೊಂಡರು. ಅಷ್ಟೇ. ಬೇರೆ ಒಂದು ಮಾತೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ವಸಂತಕುಮಾರರು ನಿಂತರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಅಮಾಸೆಗೆ ಯಾರಾದ್ರೂ ಖಾಡಿ ಬದಿಯಲ್ಲಿ ಗುಂಡಿ ತೋಡ್ತಾರಾ ಮಾರಾಯ್ರೆ? ಅಮಾಸೆ ಹುಣ್ಣಿಮೆಗೆ ಸಮುದ್ರ ಉಕ್ಕುದು. ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತುಂಟು. ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?" ಅಂದರು. ನಮ್ಮೂರಲ್ಲಿ ಹಳ್ಳಕ್ಕೆ ಮಳೆ ಬಂದರೆ ನೀರು, ಇಲ್ಲದಿದ್ದರೆ ಉಸುಕು. ಚಂದ್ರ ನೋಡಿ ನೀರು ಏರುತ್ತದೆ ಅಂತ ನಮಗೇನು ಗೊತ್ತು! ಸೈದಪ್ಪ ಕಾಕಾ ಮಾತ್ರ, "ನೆಲಾ ಒಲ್ಲೆ ಅಂತ, ಬಿಡು," ಅಂದು ಮಕಾಡೆ ಮಲಗಿದ್ದಾನೆ.

ನಾನು ಬಿಡುವವನಲ್ಲ. ಸಭೆ ಇನ್ನೂ ಕೈ ಎತ್ತಿಲ್ಲ. ಅವ್ವ ಇರುವ ತನಕ ನನ್ನ ಅರ್ಜಿಗೂ ಜೀವ ಇದೆ.

ಅಂಬಾರಾಯ


ಸುರಪುರ
13 ಅಕ್ಟೋಬರ್ 1978

ಅಂಬಾರಾಯ,

ಸೈದಪ್ಪನ ಮಗ ಹಬ್ಬಕ್ಕೆ ಊರಿಗೆ ಬಂದವನು ನಮ್ಮ ಮನೆಗೆ ಬಂದಿದ್ದ. ಅವ್ವ ಹಾಸಿಗೆ ಹಿಡಿದು ತಿಂಗಳಾಯಿತಂತೆ. ಗಂಜಿ ಬಿಟ್ಟರೆ ಏನೂ ಇಳಿಯುವುದಿಲ್ಲವಂತೆ. ಕೆಮ್ಮಿದರೆ ರಕ್ತ ಬೀಳುತ್ತದಂತೆ. ಯಾವಾಗಿನಿಂದ ಅಂತ ನಾನು ಮತ್ತೆ ಮತ್ತೆ ಕೇಳಿದೆ. ನನಗೆ ಗೊತ್ತಿದೆ ಅಂತಲೇ ಅವನು ತಿಳಿದಿದ್ದ. ಪಾಪ, ಅವನಿಗೇ ಗಾಬರಿ ಆಯಿತು.

"ಅವ್ವ ಅರಾಮ ಇದ್ದಾಳೆ." ನಿನ್ನ ಕೈಯಲ್ಲೇ ಬರೆದದ್ದು ಇದು.

ಕುಣಿಯ ಸುದ್ದಿ ಒಂದು ಪುಟ ಬರೆದಿದ್ದೀ, ಅವ್ವನ ಸುದ್ದಿ ಒಂದು ಸಾಲು. ಅದೂ ಎಂಥ ಸಾಲು! "ಅವ್ವ ಇರುವ ತನಕ ನನ್ನ ಅರ್ಜಿಗೂ ಜೀವ ಇದೆ." ಏನೋ ಇದು? ನೇರ ಕೇಳುತ್ತೇನೆ. ಅವ್ವ ಸಾಯುವುದನ್ನು ಕಾಯುತ್ತಾ ಕುಳಿತಿದ್ದೀಯಾ? ಅವಳ ಹೆಣ ತೋರಿಸಿ ನೆಲ ಇಸಿದುಕೊಳ್ಳುತ್ತೀಯಾ? ಮುನ್ಸಿಪಾಲಿಟಿಯವರು ಹುಟ್ಟಿಸಲಿಲ್ಲ ಅವಳನ್ನು, ಅವಳು ಎಲ್ಲಿರಬೇಕು ಅಂತ ಅವರನ್ನು ಕೇಳಬೇಕಿಲ್ಲ.

ಇಲ್ಲಿ ದವಾಖಾನೆ ಇದೆ, ನಾನಿದ್ದೇನೆ. ನನಗೆ ಅವ್ವ ಬೇಕು. ಕಳಿಸು. ಇಲ್ಲವೆ ನಾನೇ ಬಂದು ನಿನ್ನ ವಸ್ತಿಯ ಎದುರಿಗೆ ನಿನ್ನ ಕಪಾಳಕ್ಕೆ ಹೊಡೆದು ಕರೆದುಕೊಂಡು ಬರುತ್ತೇನೆ.

ಮಾನಮ್ಮ


ಡೊಂಬಿವಲಿ
24 ಅಕ್ಟೋಬರ್ 1978

ಮಾನಮ್ಮನವರಿಗೆ,

ಅವ್ವನನ್ನು ಮರಗಮ್ಮನ ಜೊತೆ ನವೆಂಬರ್ ಒಂದರ ಗಾಡಿಗೆ ಕೂಡಿಸುತ್ತೇನೆ. ಎರಡಕ್ಕೆ ಯಾದಗಿರಿಯಲ್ಲಿ ಇಳಿಸಿಕೊಳ್ಳಿರಿ. ಔಷಧದ ಚೀಟಿ ಮರಗಮ್ಮನ ಕೈಯಲ್ಲಿರುತ್ತದೆ. ಅವ್ವ ಬಿಸಿನೀರಲ್ಲದೆ ಕುಡಿಯುವುದಿಲ್ಲ. ಎಡಗಡೆ ಮಗ್ಗುಲಿಗೆ ಮಲಗಿದರೆ ಕೆಮ್ಮು ಕಡಿಮೆ.

ಹೆಣ ಕಾಯುವವನು ಇನ್ನು ಕಾಗದ ಬರೆಯುವುದಿಲ್ಲ.

ಅಂಬಾರಾಯ


ಸುರಪುರ
6 ನವೆಂಬರ್ 1978

ತಮ್ಮನಿಗೆ,

ಅವ್ವ ಬಂದು ಮುಟ್ಟಿದಳು. ಎತ್ತಿಕೊಂಡೇ ಇಳಿಸಿದೆವು, ಹತ್ತಿಯ ಹಾಗೆ ಹಗುರಾಗಿದ್ದಾಳೆ. ಡಾಕ್ಟರರು ಸೂಜಿ ಕೊಡುತ್ತಿದ್ದಾರೆ. ಮೊನ್ನೆ ಅರ್ಧ ರೊಟ್ಟಿ ಹಾಲಲ್ಲಿ ನೆನೆಸಿ ತಿಂದಳು. ನನಗೆ ಬೈದಳು ಕೂಡ. ಆ ಬೈಗುಳ ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

"ಮಾನಮ್ಮನವರಿಗೆ" ಅಂತ ಬರೆದಿದ್ದೀ. ನಿನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳಿಗೆ ಬಹುವಚನ! ಇರಲಿ. ನನ್ನ ಮಾತು ಉರಿಯಾಗಿತ್ತು, ಒಪ್ಪುತ್ತೇನೆ. ಆದರೆ ನೀನೂ ಮುಚ್ಚಿಟ್ಟೆಯಲ್ಲ.

ದಿನಾ ಬೆಳಗ್ಗೆ ಅವ್ವನದು ಒಂದೇ ಪ್ರಶ್ನೆ: "ಅಂಬುಗ ಜಾಗ ಕೊಟ್ರಂತೇನ?" ಏನು ಹೇಳಲಿ? ಬರೆ.

ಅಕ್ಕ


ಸುರಪುರ
17 ಡಿಸೆಂಬರ್ 1978

ಅಂಬು,

ನಿನ್ನ ಉತ್ತರ ಇಲ್ಲ. ಅಂಚೆಯವನು ಓಣಿಗೆ ಬಂದರೆ ಅವ್ವ ಕತ್ತು ಎತ್ತುತ್ತಾಳೆ. "ಬಂತೇನ?" ಅನ್ನುತ್ತಾಳೆ. ಇಲ್ಲ ಅಂದರೆ ಗೋಡೆಯ ಕಡೆ ತಿರುಗುತ್ತಾಳೆ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ಯಾಕೆ ತೀರಿಸುತ್ತೀ? ಎರಡೇ ಸಾಲು ಹಾಕು. ಸಭೆ ಏನು ಮಾಡಿತು? ಒಲ್ಲೆ ಅಂದಿತೇ? ಅಂದರೆ ಅದನ್ನೇ ಬರೆ, ಮನೆ ಮುಳುಗುವುದಿಲ್ಲ. ನೆಲ ಇಲ್ಲದವರು ನಾವೇನು ಹೊಸಬರೇ?

ಈಗ ರೊಟ್ಟಿ ಬಿಟ್ಟಿದ್ದಾಳೆ. ಬರೀ ನೀರು, ಗಂಜಿ.

ಅಕ್ಕ


ಸುರಪುರ
29 ಜನವರಿ 1979

ಅಂಬು,

ಸಂಕ್ರಮಣದ ಮರುದಿನ ಅವ್ವ ಹೋದಳು. ತಂತಿ ನಿನಗೆ ತಡವಾಗಿ ಮುಟ್ಟಿತು, ಮೂರನೆಯ ದಿನಕ್ಕೆ ಬಂದೆ. ಅಪ್ಪನ ಮಗ್ಗುಲಲ್ಲಿ ಅವಳ ಗುಡ್ಡೆಯ ಮೇಲೆ ಎಡೆ ಇಟ್ಟೆವು. ನೀನು ಕೈ ಮುಗಿದು ನಿಂತೆ, ಒಂದು ತುತ್ತೂ ಉಣ್ಣದೆ ಸಂಜೆ ಗಾಡಿಗೆ ಹೋದೆ. ಮನೆ ತುಂಬ ಮಂದಿ. ನಿನಗೆ ಒಂದು ಮಾತು ಹೇಳುವುದಿತ್ತು, ನಿನ್ನ ಮುಖ ನೋಡಿ ಬಾಯಿ ಬರಲಿಲ್ಲ. ಇದನ್ನು ಮನೆಯವರಿಗೂ ಹೇಳಿಲ್ಲ. ನಿನಗೆ ಹೇಳದೆ ಇರಲು ಆಗುತ್ತಿಲ್ಲ.

ಎಳ್ಳಮಾವಾಸ್ಯೆಯ ದಿನ ಎಲ್ಲರೂ ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರು. ನಾನು, ಅವ್ವ ಇಬ್ಬರೇ. ಮತ್ತೆ ಅದೇ ಪ್ರಶ್ನೆ. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. "ಕೊಟ್ಟಾರಬೇ ಯವ್ವಾ. ಅಂಬುನ ಕಾಗದ ಬಂದದ. ಎಲ್ಲಾರೂ ಕೈ ಎತ್ಯಾರಂತ," ಅಂದೆ. ಸುಳ್ಳು ಹೇಳಿದೆ ಅಂಬು. ನೆಮ್ಮದಿಯಿಂದ ಇರಲಿ ಅಂತ ಹೇಳಿದೆ.

ಅವಳು ಎದ್ದು ಕೂಡುತ್ತೇನೆ ಅಂದಳು. ಗೋಡೆಗೆ ಒರಗಿಸಿ ಕೂಡಿಸಿದೆ. ಮುಖದ ಮೇಲೆ ಬೆಳಕು ಬಂದಂತಾಗಿತ್ತು. "ಹಂಗಾದ್ರ ನನ್ನ ಅಲ್ಲಿಗೆ ಕಳಿಸು," ಅಂದಳು. "ಅಲ್ಲಿ ಯಾಕಬೇ, ಅಪ್ಪ ಇಲ್ಲೇ ಅದಾನಲ್ಲ," ಅಂದೆ. ಅದಕ್ಕೆ ಅವಳು, "ನಿಮ್ಮಪ್ಪನ ಹಂತೇಕ ಮಂದಿ ಭಾಳ ಅದಾರ. ಅವರಪ್ಪ, ಅವರವ್ವ, ತಮ್ಮಂದಿರು, ಎಲ್ಲಾ ಅಲ್ಲೇ. ಅಲ್ಲಿ ಅಂಬು ಒಬ್ಬನ ಅದಾನ. ಅಷ್ಟು ಬಡದಾಡಿ ನೆಲಾ ತಗೊಂಡಾನ, ಅದರಾಗ ಅವನ್ದು ಅಂತ ಒಂದು ಜೀವ ಇರಬೇಕೋ ಬ್ಯಾಡೋ? ಆ ಊರು ಅವಂದು ಹೆಂಗ ಆಗತದ ಹೇಳು," ಅಂದಳು.

ಅಲ್ಲಿಂದ ದಿನಾ ಅದೇ ಹಟ. ಗಾಡಿಗೆ ಕೂಡಿಸು, ಗಾಡಿಗೆ ಕೂಡಿಸು. ಸೀರೆ ಗಂಟು ಕಟ್ಟಿಸಿಕೊಂಡು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಹೇಗೆ ಕಳಿಸಲಿ? ಅಲ್ಲಿ ನೆಲ ಎಲ್ಲಿದೆ? ಅವಳು ಬಂದು ನೋಡಿದರೆ ನನ್ನ ಸುಳ್ಳು ತಿಳಿಯುವುದಿಲ್ಲವೇ? ಡಾಕ್ಟರರು ರೈಲು ಬೇಡ ಅಂದಿದ್ದಾರೆ ಅಂತ ಇನ್ನೊಂದು ಸುಳ್ಳು ಪೋಣಿಸಿದೆ. ಅವರು ಹಾಗೆ ಅಂದಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. "ಮರಗಮ್ಮನ್ನ ಕರೀರಿ, ಅಕಿ ಒಯ್ತಾಳ," ಅನ್ನುತ್ತಲೇ ಹೋದಳು.

ಅವ್ವನನ್ನು ನೀನು ಅಲ್ಲಿಟ್ಟುಕೊಂಡು ಕಾಯುತ್ತಿದ್ದೀ ಅಂತ ಬೈದೆನಲ್ಲ, ಅವಳೇ ಹಾಗೆ ಬಯಸಿದ್ದಳು. ಇಲ್ಲದ ನೆಲಕ್ಕೆ ಹಂಬಲಿಸಿದಳು ಅನ್ನುವುದೇ ನನಗೆ ಉಳಿದ ಸಮಾಧಾನ. ಆ ನೆಲ ಇದ್ದಿದ್ದರೆ ನಾನು ಹೇಗೆ ತಾಳಿಕೊಳ್ಳುತ್ತಿದ್ದೆ!

ಈಗಲಾದರೂ ಬರೆ. ಬೈದಾದರೂ ಬರೆ.

ಅಕ್ಕ


ಡೊಂಬಿವಲಿ
8 ಫೆಬ್ರವರಿ 1979

ಅಕ್ಕ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಬರೆಯಬಾರದು ಅಂತಲೇ ಇದ್ದೆ. ಬರೆಯದೆ ಇದ್ದು ಏನಾಯಿತು ಅಂತ ಗೊತ್ತಾದ ಮೇಲೆ ಸುಮ್ಮನಿರಲು ಧೈರ್ಯ ಇಲ್ಲ. ನೀನು ನನ್ನ ಮೇಲೆ ಸಿಟ್ಟು ಮಾಡು, ನಿನ್ನ ಮೇಲೆ ಮಾಡಿಕೊಳ್ಳಬೇಡ.

ಖಾಡಿಯ ಜಾಗ ಆಗುವುದಿಲ್ಲ ಅಂತ ನವೆಂಬರಿನಲ್ಲೇ ಹೇಳಿದರು. ಸೈದಪ್ಪ ಕಾಕಾ ಕೈ ಚೆಲ್ಲಿದ್ದ. ಆಗ ವಸಂತಕುಮಾರರೇ ನನ್ನನ್ನು ಕರೆಸಿದರು. "ನಮ್ಮ ತಕರಾರು ನಿಮ್ಮ ಮೇಲೆ ಅಲ್ಲ ಮಾರಾಯ್ರೆ, ಆ ಜಾಗದ ಮೇಲೆ. ಸುಡುವ ಘಾಟಿನ ಹಿಂದೆ ದಿಣ್ಣೆ ಉಂಟಲ್ಲ, ಅದನ್ನು ಕೇಳಿ. ನಾನೇ ಬಂದು ಹೇಳ್ತೇನೆ," ಅಂದರು. ಮತ್ತೆ ಅರ್ಜಿ, ಮತ್ತೆ ಜಾಗ ನೋಡುವುದು. ಈ ಸಲ ಹೃಷೀಕೇಶ ಸಾಹೇಬರು ತಾವೇ ನಿಂತು ಕುಣಿ ತೋಡಿಸಿದರು. ಒಣ ಮಣ್ಣು. ಸಭೆಯಲ್ಲಿ ವಸಂತಕುಮಾರರು ಎದ್ದು ತಕರಾರು ಇಲ್ಲ ಅಂದರು. ಊರಿಗೆ ಹೋಗುತ್ತೀರಲ್ಲ ಅಂದಿದ್ದ ಆ ಮೆಂಬರು ಎಲ್ಲರಿಗಿಂತ ಮುಂಚೆ ಕೈ ಎತ್ತಿದ. ಹತ್ತು ಗುಂಟೆ, ನಮ್ಮ ಹೆಸರಿಗೆ.

ಆ ಸಂಜೆ ನಿನಗೆ ಕಾಗದ ಬರೆದೆ ಅಕ್ಕ. ಬರೆದು ಓದಿದೆ. ಓದಿದರೆ ನಿನ್ನ ಮಾತೇ ಕಿವಿಯಲ್ಲಿ. ನೆಲ ಸಿಕ್ಕಿತು ಅಂತ ಬರೆದರೆ ಏನು ತಿಳಿದುಕೊಳ್ಳುತ್ತೀ? ಕುಣಿ ತಯಾರಿದೆ, ಅವ್ವನನ್ನು ಕಳಿಸು ಅಂತ ಕೇಳುತ್ತಿದ್ದೇನೆ ಅಂದುಕೊಳ್ಳುತ್ತೀ. ಹೆಣ ಕಾಯುವವನು ಅಂದುಕೊಳ್ಳುತ್ತೀ. ಹರಿದು ಹಾಕಿದೆ. ಅವ್ವನಿಗೆ ಅರಾಮ ಆದ ಮೇಲೆ ಬಂದು ನಾನೇ ಹೇಳಿದರಾಯಿತು ಅಂದುಕೊಂಡೆ. ಅವಳು ದಿನಾ ಕೇಳುತ್ತಾಳೆ ಅಂತ ನೀನು ಬರೆದದ್ದನ್ನೂ ಸಿಟ್ಟಿನಲ್ಲಿ ನಂಬಲಿಲ್ಲ. ನನ್ನನ್ನು ಮಾತಿಗೆ ಎಳೆಯಲು ಹೂಡಿದ ನೆಪ ಅಂದುಕೊಂಡೆ. ಮೂರನೆಯ ದಿನಕ್ಕೆ ಬಂದಾಗ ಅಪ್ಪನ ಮಗ್ಗುಲಲ್ಲಿ ಅವಳನ್ನು ನೋಡಿ, ಅವಳಿಗೆ ಬೇಕಾದ ಜಾಗ ಇದೇ, ಇನ್ನು ನನ್ನ ನೆಲದ ಮಾತು ಎತ್ತಬಾರದು ಅಂತ ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದೆ.

ಸಭೆ ಕೈ ಎತ್ತಿದ್ದು ಡಿಸೆಂಬರ್ ಇಪ್ಪತ್ತೆರಡಕ್ಕೆ. ಎಳ್ಳಮಾವಾಸ್ಯೆ ಬಂದದ್ದು ಅದಾದ ವಾರಕ್ಕೆ. ಅವ್ವನಿಗೆ ನೀನು ಸುಳ್ಳು ಹೇಳಲಿಲ್ಲ ಅಕ್ಕ. ಖರೇನೇ ಹೇಳಿದ್ದೀ.

ಅಂಬು